ಆನ್‌ಲೈನ್ ಕಂಪನಿ ಹಣ ಹಿಂತಿರುಗಿಸದಿದ್ದಾಗ: ಚಾಟ್ ಕಿಟಕಿಯಿಂದ ಗ್ರಾಹಕರ ಆಯೋಗದವರೆಗೆ

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿರುವ ನಮ್ಮ ಚಿಕ್ಕಮ್ಮ ಆನ್‌ಲೈನಿನಲ್ಲಿ 3,249 ರೂಪಾಯಿ ಕೊಟ್ಟು ಮಿಕ್ಸಿ ತರಿಸಿಕೊಂಡಿದ್ದರು. ಡಬ್ಬ ಬಿಚ್ಚಿ ನೋಡಿದರೆ ದೊಡ್ಡ ಜಾರಿನ ಹಿಡಿ ಮುರಿದಿತ್ತು. ವಾಪಸು ತೆಗೆದುಕೊಳ್ಳುವಂತೆ ಆ್ಯಪ್‌ನಲ್ಲಿ ಕೋರಿದ ಮೂರನೆಯ ದಿನ ಹುಡುಗನೊಬ್ಬ ಬಂದು ಡಬ್ಬವನ್ನು ಬೈಕಿನ ಚೀಲಕ್ಕೆ ತುಂಬಿಕೊಂಡು ಹೋದ. ಚೀಟಿ ಕೊಡಲಿಲ್ಲ, ಇವರೂ ಕೇಳಲಿಲ್ಲ. ಅದೇ ಸಂಜೆ ‘ಗ್ರಾಹಕರು ಮನೆಯಲ್ಲಿ ಇರಲಿಲ್ಲ, ಪಿಕಪ್ ರದ್ದಾಗಿದೆ’ ಎಂಬ ಸಂದೇಶ ಬಂತು. ಅಲ್ಲಿಂದ ಹತ್ತೊಂಬತ್ತು ದಿನ ಚಿಕ್ಕಮ್ಮ ಚಾಟ್ ಮಾಡುತ್ತಲೇ ಇದ್ದರು. ಪ್ರತಿ ಸಲವೂ ಹೊಸ ಹೆಸರಿನ ಸಿಬ್ಬಂದಿ, ಮೊದಲಿನಿಂದ ಅದೇ ಕಥೆ, ಕೊನೆಯಲ್ಲಿ ‘24ರಿಂದ 48 ಗಂಟೆ ಕಾಯಿರಿ’ ಎಂಬ ಉತ್ತರ. ಹಬ್ಬಕ್ಕೆ ಹೋದ ನಾನು ಫೋನು ತೆಗೆದುಕೊಂಡು ನೋಡಿದಾಗ ಹಳೆಯ ಚಾಟ್‌ಗಳಲ್ಲಿ ಒಂದೂ ಉಳಿದಿರಲಿಲ್ಲ. ಅಷ್ಟು ದಿನ ದೂರಿದ್ದಕ್ಕೆ ತಾರೀಕು ಇರುವ ಒಂದು ಸಾಲಿನ ದಾಖಲೆಯೂ ಅವರ ಕೈಯಲ್ಲಿರಲಿಲ್ಲ.

ಆ ಹಣ ಕೊನೆಗೆ ಬಂತು, ಹೇಗೆ ಬಂತೆಂದು ಮುಂದೆ ಹೇಳುತ್ತೇನೆ. ಇಂಥ ಅನುಭವ ಆದವರಲ್ಲಿ ಹೆಚ್ಚಿನವರು ಒಂದು ತಿಂಗಳು ಗುದ್ದಾಡಿ ‘ಹೋಗಲಿ ಬಿಡಿ’ ಎಂದು ಕೈಬಿಡುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ನಮ್ಮ ಕಾನೂನು ಈ ವಿಷಯದಲ್ಲಿ ಗ್ರಾಹಕರ ಪರವಾಗಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಇ-ಕಾಮರ್ಸ್ ನಿಯಮಗಳು, ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು ಎಲ್ಲವೂ ಕಂಪನಿಗೆ, ಬ್ಯಾಂಕಿಗೆ ಗಡುವು ವಿಧಿಸಿವೆ. ಕಂಪನಿಯ ವಿಷಯದಲ್ಲಿ ಆ ಗಡುವು ಎಣಿಕೆಗೆ ಬರುವುದು ನೀವು ಸರಿಯಾದ ಕಡೆಗೆ ಬರಹದಲ್ಲಿ ದೂರು ಕೊಟ್ಟ ದಿನದಿಂದ. ಚಾಟ್‌ನಲ್ಲಿ ಕಳೆದ ದಿನಗಳನ್ನು ಸಾಬೀತುಪಡಿಸಲು ನಿಮ್ಮಲ್ಲಿ ಏನೂ ಇಲ್ಲವಾದರೆ ಆ ದಿನಗಳು ನಿಮ್ಮ ಲೆಕ್ಕಕ್ಕೆ ಸೇರುವುದೇ ಇಲ್ಲ.

ಮೊದಲ ದಿನ: ದಾಖಲೆ

ತಕರಾರು ಎದ್ದ ದಿನವೇ, ಯಾರಿಗೂ ಫೋನು ಮಾಡುವ ಮೊದಲು, ಫೋನಿನಲ್ಲೋ ಇಮೇಲ್‌ನಲ್ಲೋ ಒಂದು ಫೋಲ್ಡರ್ ಮಾಡಿಕೊಳ್ಳಿ. ಆರ್ಡರ್ ಸಂಖ್ಯೆ ಕಾಣುವ ಪುಟ, ಬಿಲ್, ಹಣ ಪಾವತಿಯಾದ ಸಂದೇಶ, ಬ್ಯಾಂಕ್ ಖಾತೆಯ ವಿವರದಲ್ಲಿ ಆ ಸಾಲು, ಕೊಳ್ಳುವಾಗ ಆ ವಸ್ತುವಿನ ಬಗ್ಗೆ ಪುಟದಲ್ಲಿ ಏನು ಬರೆದಿತ್ತು ಎಂಬುದರ ಸ್ಕ್ರೀನ್‌ಶಾಟ್, ಇವಿಷ್ಟು ಅದರಲ್ಲಿರಬೇಕು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ‘7 ದಿನದಲ್ಲಿ ವಾಪಸು’ ಎಂದಿದ್ದ ಪುಟ ನಾಳೆ ‘ಬದಲಿ ಮಾತ್ರ’ ಎಂದು ಬದಲಾಗಬಹುದು. ನೀವು ಕೊಂಡ ದಿನ ಏನಿತ್ತೆಂದು ತೋರಿಸಲು ನಿಮ್ಮ ಚಿತ್ರವೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲ್ಭಾಗದ ಸಮಯವನ್ನು ಕತ್ತರಿಸಿ ಹಾಕಬೇಡಿ, ಮೂಲ ಫೈಲನ್ನು ಅಳಿಸಬೇಡಿ.

ಚಾಟ್ ಮಾಡಲೇಬೇಕಾಗಿ ಬಂದರೆ ಮುಗಿಸುವ ಮೊದಲು ಎರಡು ಕೆಲಸ ಮಾಡಿ. ದೂರಿನ ಟಿಕೆಟ್ ಸಂಖ್ಯೆ ಕೊಡಿ ಎಂದು ಕೇಳಿ. ಹಲವು ಮಾರಾಟಗಾರರನ್ನು ಒಂದೆಡೆ ಸೇರಿಸುವ ಮಾರುಕಟ್ಟೆ ಜಾಲತಾಣಗಳು ಪ್ರತಿ ದೂರಿಗೂ ಅಂಥ ಸಂಖ್ಯೆ ಕೊಡಬೇಕೆಂದು 2020ರ ನಿಯಮಗಳೇ ಹೇಳುತ್ತವೆ. ನಂತರ ಮಾತುಕತೆಯನ್ನು ಮೇಲಿನಿಂದ ಕೆಳಗಿನವರೆಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ವಸ್ತು ವಾಪಸು ಒಯ್ಯಲು ಬಂದವರಿಂದ ಸಹಿಯ ಚೀಟಿಯನ್ನೋ ಆ್ಯಪ್‌ನಲ್ಲಿ ‘ಪಡೆಯಲಾಗಿದೆ’ ಎಂಬ ಸಂದೇಶವನ್ನೋ ಪಡೆಯದೆ ಡಬ್ಬವನ್ನು ಕೈಬಿಡಬೇಡಿ. ಎರಡೂ ಸಿಗದಿದ್ದರೆ, ಡಬ್ಬದ ಮೇಲಿನ ವಿಳಾಸದ ಚೀಟಿ ಕಾಣುವಂತೆ ಅವರು ಅದನ್ನು ತೆಗೆದುಕೊಳ್ಳುತ್ತಿರುವ ಒಂದು ಫೋಟೊ ತೆಗೆದುಕೊಳ್ಳಿ.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿಬಿಡಬೇಕು. ಸಿಟ್ಟಿನ ಭರದಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಗೂಗಲ್‌ನಲ್ಲಿ ಹುಡುಕಿ, ಮೊದಲು ಕಂಡ ಮೊಬೈಲ್ ಸಂಖ್ಯೆಗೆ ಕರೆ ಮಾಡಬೇಡಿ. ವಂಚಕರು ಅಂಥ ನಕಲಿ ಸಂಖ್ಯೆಗಳನ್ನು ಹಾಕಿಟ್ಟು ಕಾಯುತ್ತಿರುತ್ತಾರೆ. ಕಂಪನಿಯ ಆ್ಯಪ್ ಒಳಗಿರುವ ಅಥವಾ ಬಿಲ್ಲಿನ ಮೇಲಿರುವ ಸಂಖ್ಯೆಯನ್ನಷ್ಟೇ ಬಳಸಿ. ರೀಫಂಡ್ ಕೊಡುತ್ತೇವೆಂದು ಹೇಳಿ ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸಲು ನೋಡಿದರೆ, ಒಟಿಪಿ ಕೇಳಿದರೆ, ಯುಪಿಐ ಪಿನ್ ಒತ್ತಲು ಹೇಳಿದರೆ ತಕ್ಷಣ ಕರೆ ಕತ್ತರಿಸಿ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಪಿನ್ ಬೇಕಾಗುವುದು ಹಣ ಕೊಡಲು ಮತ್ತು ಬಾಕಿ ನೋಡಲು. ಹಣ ಹೋಗಿಯೇಬಿಟ್ಟಿದ್ದರೆ ಅದು ಗ್ರಾಹಕ ದೂರಲ್ಲ, ಸೈಬರ್ ಅಪರಾಧ. ಒಂದು ನಿಮಿಷವನ್ನೂ ಕಳೆಯದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕೃತ್ಯದಿಂದ ಖಾತೆಯಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ಆ ಬಗ್ಗೆ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ, ನಷ್ಟ ನಿಮ್ಮ ತಲೆಯ ಮೇಲೆ ಬೀಳಬಾರದೆಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಬ್ಯಾಂಕುಗಳಿಗೆ ಆದೇಶಿಸಿತ್ತು. ಆದರೆ ಪಿನ್ ಅನ್ನೋ ಒಟಿಪಿಯನ್ನೋ ನಾವೇ ಕೊಟ್ಟಿದ್ದರೆ ಈ ರಕ್ಷಣೆ ಸಿಗುವುದು ಕಷ್ಟ.

ಕುಂದುಕೊರತೆ ಅಧಿಕಾರಿಗೆ ಪತ್ರ

ಇಡೀ ದಾರಿಯಲ್ಲಿ ಅತಿ ಮುಖ್ಯವಾದ, ಆದರೆ ಅತಿ ಕಡಿಮೆ ಜನ ಇಡುವ ಹೆಜ್ಜೆ ಇದು. ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಆನ್‌ಲೈನ್ ಮಾರಾಟ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ತನ್ನ ತಾಣದಲ್ಲಿ ಪ್ರಕಟಿಸಬೇಕು. ಆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ್ಯಪ್‌ನಲ್ಲಿ ಈ ವಿವರ ಸುಲಭವಾಗಿ ಕಾಣದಿದ್ದರೆ ಕಂಪನಿಯ ಜಾಲತಾಣವನ್ನು ಬ್ರೌಸರ್‌ನಲ್ಲಿ ತೆರೆದು ಪುಟದ ತೀರಾ ತಳಕ್ಕೆ ಹೋಗಿ. ‘ಗ್ರೀವನ್ಸ್ ರಿಡ್ರೆಸಲ್’, ‘ಗ್ರೀವನ್ಸ್ ಆಫೀಸರ್’ ಅಥವಾ ಷರತ್ತು ಮತ್ತು ನಿಬಂಧನೆಗಳ ಕೊಂಡಿಯಲ್ಲಿ ಅದು ಸಿಕ್ಕುತ್ತದೆ.

ಪತ್ರ ಚಿಕ್ಕದಾಗಿರಲಿ. ಎಷ್ಟು ನೋವಾಯಿತು, ಎಷ್ಟು ಸಲ ಚಾಟ್ ಮಾಡಿದೆ ಎಂಬ ವಿವರಣೆ ಸಹಜವಾಗಿಯೇ ಉಕ್ಕಿ ಬರುತ್ತದೆ, ಅದನ್ನು ಒಂದು ಸಾಲಿಗೆ ಇಳಿಸಿ. ಓದುವವರಿಗೆ ಬೇಕಾದದ್ದು ನಾಲ್ಕು ಸಂಗತಿ: ಏನು ಕೊಂಡಿರಿ, ಏನಾಯಿತು, ಏನು ಬೇಕು, ಎಂದಿನೊಳಗೆ ಬೇಕು. ಚಿಕ್ಕಮ್ಮನಿಗೆ ನಾನು ಬರೆದುಕೊಟ್ಟ ಪತ್ರದ ಒಕ್ಕಣೆಯನ್ನು, ಸಂಖ್ಯೆ ಮತ್ತು ತಾರೀಕುಗಳ ಜಾಗದಲ್ಲಿ ಚುಕ್ಕಿ ಹಾಕಿ, ಇಲ್ಲಿ ಕೊಡುತ್ತಿದ್ದೇನೆ:

‘ಕುಂದುಕೊರತೆ ಅಧಿಕಾರಿಗಳಿಗೆ, ಆರ್ಡರ್ ಸಂಖ್ಯೆ … ರ ಅಡಿಯಲ್ಲಿ … ನೇ ತಾರೀಕು 3,249 ರೂಪಾಯಿ ಪಾವತಿಸಿ ಮಿಕ್ಸಿಯೊಂದನ್ನು ಕೊಂಡಿದ್ದೇನೆ. ಜಾರಿನ ಹಿಡಿ ಮುರಿದ ಸ್ಥಿತಿಯಲ್ಲಿ ಅದು ತಲುಪಿತು, ಫೋಟೊ ಲಗತ್ತಿಸಿದ್ದೇನೆ. ನಿಮ್ಮ ಪ್ರತಿನಿಧಿ … ನೇ ತಾರೀಕು ಬೆಳಿಗ್ಗೆ ನಮ್ಮ ಮನೆಯಿಂದ ಅದನ್ನು ಪಡೆದುಕೊಂಡು ಹೋಗಿದ್ದಾರೆ. ಆದರೂ ನಿಮ್ಮ ದಾಖಲೆಯಲ್ಲಿ ಪಿಕಪ್ ರದ್ದಾಗಿದೆ ಎಂದಿದೆ. ಹತ್ತೊಂಬತ್ತು ದಿನಗಳಿಂದ ಚಾಟ್ ಮೂಲಕ ತಿಳಿಸಿದರೂ ಪರಿಹಾರ ದೊರೆತಿಲ್ಲ. ಪೂರ್ತಿ ಹಣವನ್ನು ಪಾವತಿ ಮಾಡಿದ ಬ್ಯಾಂಕ್ ಖಾತೆಗೇ ಹಿಂತಿರುಗಿಸಬೇಕೆಂದು ಕೋರುತ್ತೇನೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ 48 ಗಂಟೆಗಳೊಳಗೆ ಸ್ವೀಕೃತಿಯನ್ನೂ ಒಂದು ತಿಂಗಳೊಳಗೆ ಪರಿಹಾರವನ್ನೂ ನಿರೀಕ್ಷಿಸುತ್ತೇನೆ. ಈ ಮಾರಾಟಗಾರರ ಪೂರ್ಣ ವಿಳಾಸವನ್ನೂ ದಯವಿಟ್ಟು ತಿಳಿಸಿ.’

ಕೊನೆಯ ಸಾಲನ್ನು ಬಿಡಬೇಡಿ. ನಾವು ಹಣ ಕೊಟ್ಟದ್ದು ಆ್ಯಪ್‌ಗೆ ಎಂದುಕೊಂಡಿರುತ್ತೇವೆ. ಬಿಲ್ಲಿನಲ್ಲಿ ಎಲ್ಲಿಯೋ ಇರುವ ಬೇರೊಬ್ಬ ಮಾರಾಟಗಾರರ ಹೆಸರಿರುತ್ತದೆ. ಕೊಂಡ ಗ್ರಾಹಕರು ಬರಹದಲ್ಲಿ ಕೇಳಿದರೆ ಮಾರುಕಟ್ಟೆ ತಾಣವು ಆ ಮಾರಾಟಗಾರರ ವಿವರವನ್ನು ಕೊಡಬೇಕು. ಮುಂದೆ ಆಯೋಗಕ್ಕೆ ಹೋಗಬೇಕಾದರೆ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಲು ಈ ವಿಳಾಸ ಬೇಕು. ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಅಥವಾ ಹೇಳಿದ ಅವಧಿ ಮೀರಿ ತಲುಪಿದ ವಸ್ತುವನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂಬುದೂ ಅವೇ ನಿಯಮಗಳಲ್ಲಿದೆ. ಪತ್ರ ಇಂಗ್ಲಿಷಿನಲ್ಲಿದ್ದರೆ ಬೇಗ ಸಾಗಬಹುದು ಎಂಬ ಕಾರಣಕ್ಕೆ ನಾನು ಕನ್ನಡದ ಒಕ್ಕಣೆಯ ಕೆಳಗೆ ಅದರ ಇಂಗ್ಲಿಷ್ ರೂಪವನ್ನೂ ಸೇರಿಸಿದ್ದೆ. ಮರುದಿನ ಸ್ವೀಕೃತಿ ಬಂತು, ಹನ್ನೊಂದನೆಯ ದಿನ ಹಣ ಬಂತು. ಹತ್ತೊಂಬತ್ತು ದಿನದ ಚಾಟ್‌ನಿಂದ ಆಗದಿದ್ದದ್ದು ಹನ್ನೆರಡು ಸಾಲಿನ ಇಮೇಲ್‌ನಿಂದ ಆಯಿತು.

ಹಣದ ಬದಲು ಕೂಪನ್ ಕೊಟ್ಟರೆ ಒಪ್ಪಿಕೊಳ್ಳಬೇಕಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ, ನಮ್ಮ ಬೆಂಗಳೂರಿನದೇ ಆದ ಓಲಾ ಕ್ಯಾಬ್ ಸಂಸ್ಥೆಗೆ, ರೀಫಂಡ್ ಬ್ಯಾಂಕ್ ಖಾತೆಗೆ ಬೇಕೋ ಕೂಪನ್ ರೂಪದಲ್ಲಿ ಬೇಕೋ ಎಂಬ ಆಯ್ಕೆಯನ್ನು ಗ್ರಾಹಕರಿಗೇ ಬಿಡಬೇಕೆಂದು ನಿರ್ದೇಶಿಸಿತು. ಕಂಪನಿಯೊಡನೆ ವಾದ ಮಾಡುವಾಗ ಈ ಉದಾಹರಣೆ ನೆನಪಿನಲ್ಲಿರಲಿ.

1915

ಒಂದು ತಿಂಗಳು ಕಳೆದರೂ ಉತ್ತರವಿಲ್ಲ, ಅಥವಾ ಉತ್ತರ ಬಂದರೂ ಅದು ಹಾರಿಕೆಯದು ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು. ಅದರ ಜಾಲತಾಣದಲ್ಲಿ, ಉಮಂಗ್ ಆ್ಯಪ್‌ನಲ್ಲಿ ಅಥವಾ 8800001915 ಸಂಖ್ಯೆಗೆ ವಾಟ್ಸ್ಆ್ಯಪ್ ಮೂಲಕವೂ ದೂರು ದಾಖಲಿಸಬಹುದು. ದಾಖಲೆಗಳನ್ನು ಲಗತ್ತಿಸಲು ಅನುಕೂಲ ಎಂದು ನಾನು ಜಾಲತಾಣವನ್ನೇ ಇಷ್ಟಪಡುತ್ತೇನೆ. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅದು ನಿಮ್ಮ ದೂರನ್ನು ಕಂಪನಿಯ ಸಂಬಂಧಪಟ್ಟವರಿಗೆ ತಲುಪಿಸಿ ಉತ್ತರ ಕೇಳುತ್ತದೆ, ಅಷ್ಟೇ. ಆದರೂ ವ್ಯಾಜ್ಯದ ಮೊದಲೇ ಮುಗಿಯುವ ಪ್ರಕರಣಗಳು ಇಲ್ಲಿ ಮುಗಿಯುತ್ತವೆ. ಸಿಕ್ಕ ದೂರಿನ ಸಂಖ್ಯೆಯನ್ನು ಫೋಲ್ಡರಿಗೆ ಸೇರಿಸಿ.

ಕೇಳದೆಯೇ ಕಡಿತವಾಗುವ ಹಣ

ಒಂದು ರೂಪಾಯಿಗೆ ಮೂರು ದಿನದ ಪ್ರಾಯೋಗಿಕ ಚಂದಾ ಎಂದು ಸೇರಿಕೊಂಡು, ಮರೆತು, ಆಮೇಲೆ ತಿಂಗಳು ತಿಂಗಳೂ 199 ರೂಪಾಯಿ ಹೋಗುತ್ತಿರುವುದನ್ನು ತಡವಾಗಿ ಕಂಡವರು ಒಬ್ಬಿಬ್ಬರಲ್ಲ. ಸೇರಲು ಒಂದು ಒತ್ತು, ಬಿಡಲು ಏಳು ಪುಟ. ಇಂಥ ಬಲೆಗಳಿಗೆ ಸರ್ಕಾರವೇ ಹೆಸರಿಟ್ಟಿದೆ. 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ತಡೆ ಮಾರ್ಗಸೂಚಿಯಲ್ಲಿ 13 ಬಗೆಯ ವಂಚಕ ವಿನ್ಯಾಸಗಳ ಪಟ್ಟಿಯಿದ್ದು, ಚಂದಾ ಬಲೆ ಅವುಗಳಲ್ಲೊಂದು. ನೀವು ಆರಿಸದ ವಿಮೆಯನ್ನೋ ದೇಣಿಗೆಯನ್ನೋ ಬುಟ್ಟಿಗೆ ಸೇರಿಸುವುದು, ಮೊದಲು ಕಡಿಮೆ ಬೆಲೆ ತೋರಿಸಿ ಪಾವತಿಯ ಪುಟದಲ್ಲಿ ಒಂದೊಂದೇ ಶುಲ್ಕ ಏರಿಸುವುದು, ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು ಇವೆಲ್ಲವೂ ಅದರಲ್ಲಿವೆ. ದೂರು ಬರೆಯುವಾಗ ‘ನನಗೆ ಮೋಸವಾಯಿತು’ ಎನ್ನುವುದಕ್ಕಿಂತ, ಆಗಿದ್ದು ಇವುಗಳಲ್ಲಿ ಯಾವುದು ಎಂದು ಹೆಸರಿಸಿ ಬರೆದರೆ ಪತ್ರಕ್ಕೆ ತೂಕ ಬರುತ್ತದೆ.

ಆದರೆ ಹಣ ನಿಲ್ಲಿಸಲು ಕಂಪನಿಯ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ. ಆ್ಯಪ್ ಅನ್ನು ಫೋನಿನಿಂದ ತೆಗೆದುಹಾಕಿದರೆ ಚಂದಾ ನಿಲ್ಲುತ್ತದೆ ಎಂಬ ತಪ್ಪು ನಂಬಿಕೆ ವ್ಯಾಪಕವಾಗಿದೆ; ನಿಲ್ಲುವುದಿಲ್ಲ. ಯುಪಿಐ ಮೂಲಕ ಒಪ್ಪಿಗೆ ಕೊಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಅಥವಾ ‘ಮ್ಯಾಂಡೇಟ್’ ಎಂಬ ವಿಭಾಗವನ್ನು ತೆರೆಯಿರಿ. ಚಾಲ್ತಿಯಲ್ಲಿರುವ ಒಪ್ಪಿಗೆಗಳ ಪಟ್ಟಿ ಅಲ್ಲಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ತೆರೆದ ದಿನ ನಾಲ್ಕು ಸಾಲು ಕಂಡವು. ಅವುಗಳಲ್ಲಿ ಎರಡು ಯಾವುದಕ್ಕೆ ಎಂದು ಮನೆಯವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೇಡದ್ದನ್ನು ಆರಿಸಿ ರದ್ದು ಮಾಡಿ, ರದ್ದಾದ ಸಂದೇಶದ ಚಿತ್ರ ಇಟ್ಟುಕೊಳ್ಳಿ. ಕಾರ್ಡ್ ಮೂಲಕ ಕೊಟ್ಟಿದ್ದರೆ ಆ ಕಾರ್ಡ್ ಕೊಟ್ಟ ಬ್ಯಾಂಕಿನ ನೆಟ್‌ಬ್ಯಾಂಕಿಂಗ್‌ನಲ್ಲೋ ಅವರು ಕಳುಹಿಸುವ ಸಂದೇಶದ ಕೊಂಡಿಯಲ್ಲೋ ಇದೇ ಸೌಲಭ್ಯವಿರುತ್ತದೆ. 2021ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಪಾಲಿಸುತ್ತಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು, ಆ ಕಂತನ್ನು ಅಥವಾ ಇಡೀ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ನಿಮಗೆ ಅವಕಾಶವಿರಬೇಕು. ಸೂಚನೆಯೇ ಇಲ್ಲದೆ ಹಣ ಹೋಗಿದ್ದರೆ ದೂರು ಕಂಪನಿಯ ಮೇಲಷ್ಟೇ ಅಲ್ಲ, ಬ್ಯಾಂಕಿನ ಮೇಲೂ ಹೌದು.

ಇನ್ನು ಅಂಗಡಿಯಲ್ಲಿ ಯುಪಿಐ ಮಾಡಿದಾಗ ನಮ್ಮ ಖಾತೆಯಿಂದ ಹಣ ಹೋಗಿ ಅವರಿಗೆ ತಲುಪದಿರುವ ಸಂಗತಿ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ಸಿಕ್ಕಿಹಾಕಿಕೊಂಡರೆ ಮರುದಿನದೊಳಗೆ, ವ್ಯಾಪಾರಿಗೆ ಕಳುಹಿಸಿದ್ದಾದರೆ ಐದು ದಿನದೊಳಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಗ್ರಾಹಕರು ಕೇಳದೆಯೇ ಜಮಾ ಮಾಡಬೇಕು. ಕೇಳದಿದ್ದರೆ ಬಾರದಿರುವುದೂ ಉಂಟು, ಆದ್ದರಿಂದ ವಹಿವಾಟಿನ 12 ಅಂಕಿಯ ಸಂಖ್ಯೆಯನ್ನು ಬರೆದು ಯುಪಿಐ ಆ್ಯಪ್‌ನಲ್ಲಿಯೂ ಬ್ಯಾಂಕಿನಲ್ಲಿಯೂ ದೂರು ಕೊಡಿ, ಪರಿಹಾರದ ಮೊತ್ತವನ್ನೂ ಹೆಸರಿಸಿ ಕೇಳಿ. ಬ್ಯಾಂಕ್ 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಅದರ ದೂರು ಜಾಲತಾಣದಲ್ಲಿ ಉಚಿತವಾಗಿ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಮೊದಲು ಬರಹದಲ್ಲಿ ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ಅರ್ಜಿ ತಿರಸ್ಕೃತವಾಗುತ್ತದೆ.

ಉಚಿತ ಸೇವೆಯ ತೊಡಕು

ಸಾಮಾಜಿಕ ಜಾಲತಾಣದ ಖಾತೆಯನ್ನು ಕಾರಣ ಹೇಳದೆ ಮುಚ್ಚಿದರೆ ಮೇಲಿನ ದಾರಿ ಸಾಮಾನ್ಯವಾಗಿ ಸಾಗದು, ಏಕೆಂದರೆ ಬೆಲೆ ಪಡೆಯದೆ ಕೊಡುವ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯು ‘ಸೇವೆ’ ಎಂಬುದರ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಇಲ್ಲಿ ಅನ್ವಯಿಸುವುದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು. ಅವುಗಳ ಪ್ರಕಾರವೂ ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಬೇಕು. ಅವರ ನಿರ್ಧಾರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲಿ ಮೇಲ್ಮನವಿ ಸಲ್ಲಿಸಬಹುದು.

ಕೊನೆಯ ಮೆಟ್ಟಿಲು: ಜಿಲ್ಲಾ ಗ್ರಾಹಕರ ಆಯೋಗ

ಇಷ್ಟಾದರೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಿ. ‘ಕೋರ್ಟು’ ಎಂದೊಡನೆ ಹಿಂಜರಿಯುವವರಿಗೆ ಮೂರು ಸಂಗತಿ ತಿಳಿದಿರಬೇಕು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿರಲಿ, ಮುಂಬೈಯಲ್ಲಿರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿನ ದೂರುಗಳೆಲ್ಲವೂ ಜಿಲ್ಲಾ ಆಯೋಗಕ್ಕೇ ಬರುವುದರಿಂದ ನಮ್ಮಂಥವರ ದೂರುಗಳಿಗೆ ಅದೇ ಜಾಗ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು ಎಂಬುದನ್ನು ಮರೆಯಬೇಡಿ.

ಗ್ರಾಹಕರ ಆಯೋಗಗಳ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಘಟನೆಗಳನ್ನು ತಾರೀಕಿನ ಅನುಕ್ರಮದಲ್ಲಿ ಬರೆದ ದೂರು, ಹೇಳಿದ್ದೆಲ್ಲ ನಿಜವೆಂಬ ಪ್ರಮಾಣಪತ್ರ (ಅಫಿಡವಿಟ್), ಮೊದಲ ದಿನದಿಂದ ತುಂಬಿಸುತ್ತ ಬಂದ ಆ ಫೋಲ್ಡರಿನ ದಾಖಲೆಗಳು, ಗುರುತಿನ ಚೀಟಿ ಇಷ್ಟು ಬೇಕು. ಸ್ಕ್ರೀನ್‌ಶಾಟ್‌ಗಳು ವಿದ್ಯುನ್ಮಾನ ದಾಖಲೆಗಳಾದ್ದರಿಂದ ಅವುಗಳ ಜೊತೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ, ಅವನ್ನು ಯಾವ ಸಾಧನದಿಂದ ಹೇಗೆ ಪಡೆಯಲಾಯಿತೆಂದು ದೃಢೀಕರಿಸುವ ಪ್ರತ್ಯೇಕ ಪ್ರಮಾಣಪತ್ರವನ್ನೂ ಇಡುವುದು ಒಳ್ಳೆಯದು. ಕೋರಿಕೆಯಲ್ಲಿ ಮೂಲ ಹಣ, ಅದರ ಬಡ್ಡಿ, ಪಟ್ಟ ಪಾಡಿಗೆ ಪರಿಹಾರ, ದಾವೆಯ ಖರ್ಚು ಇವನ್ನು ಬೇರೆ ಬೇರೆ ಸಾಲಿನಲ್ಲಿ ಮೊತ್ತ ಸಹಿತ ಕೇಳಿ. ಕೇಳದೆ ಬಿಟ್ಟದ್ದನ್ನು ಆಮೇಲೆ ಸೇರಿಸಲು ತೊಡಕಾಗುತ್ತದೆ. ನೋಟಿಸು ತಲುಪಿದ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಇರುತ್ತದೆ. ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ಮೂರು ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡೇ ಹೋಗಬೇಕು.

ನಿಮ್ಮೊಬ್ಬರಿಗಲ್ಲದೆ ಸಾವಿರಾರು ಜನರಿಗೆ ಒಂದೇ ಬಗೆಯಲ್ಲಿ ಅನ್ಯಾಯವಾಗುತ್ತಿದೆ ಎಂದು ಕಂಡರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೂ ಬರೆಯಿರಿ. ಆ ದೂರನ್ನು ನಿಮ್ಮ ಜಿಲ್ಲಾಧಿಕಾರಿಗೂ ಕೊಡಬಹುದೆಂದು ಕಾಯ್ದೆಯ 17ನೆಯ ಕಲಮಿನಲ್ಲಿದೆ. ಐದು ನಿಮಿಷದಲ್ಲಿ ಆಟೊ ಬರದಿದ್ದರೆ 50 ರೂಪಾಯಿ ಎಂದು ಜಾಹೀರಾತು ಕೊಟ್ಟಿದ್ದ ರ‍್ಯಾಪಿಡೊ ಸಂಸ್ಥೆಗೆ 2025ರ ಆಗಸ್ಟ್‌ನಲ್ಲಿ 10 ಲಕ್ಷ ರೂಪಾಯಿ ದಂಡ ವಿಧಿಸಿ, ಆ 50 ರೂಪಾಯಿ ಸಿಗದವರಿಗೆ ಅದನ್ನು ಕೊಡುವಂತೆ ಆದೇಶಿಸಿದ್ದು ಇದೇ ಪ್ರಾಧಿಕಾರ.

ಜಿಲ್ಲಾ ಆಯೋಗದ ಆದೇಶ ನಿಮ್ಮ ಪರವಾಗಿ ಬಂದ ಮೇಲೂ ಕಂಪನಿ ಹಣ ಕೊಡದೆ ಸುಮ್ಮನಿದ್ದರೆ ಆದೇಶದ ದೃಢೀಕೃತ ಪ್ರತಿಯೊಂದಿಗೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 72ನೆಯ ಕಲಮಿನ ಅಡಿಯಲ್ಲಿ ಒಂದು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.